ಬೆನ್ನು ತಿರುಗಿಸಿದ ಸೌದಾ

ನನ್ನ ಮೊಮ್ಮಗಳು ಸುಜಾತಾ ಇವತ್ತು ಮುಂಜಾನೆ ಹುಡಗಿ ಎಂಬ ಊರಿನ ಶಾಲೆಗೆ ಟೀಚರ್ ಆಗಿ ಹೋದಳು! ಹುಮನಾಬಾದಿನ ನಮ್ಮ ಓಣಿಯಲ್ಲಿ ಸರ್ಕಾರಿ ನೌಕರಿ ಹಿಡಿದ ಮೊದಲ ಹೆಣ್ಣುಮಗಳು ಇವಳೇ. ಬೆಳಗಿನಿಂದ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆಕರೆದು ಪೇಡೆ ಕೊಟ್ಟಿದ್ದೇನೆ— ಹಾಲಿನವನಿಗೆ ಎರಡು ಸಲ. ಖುಷಿ ಎದೆಯಲ್ಲಿ ಹಿಡಿಸುತ್ತಿಲ್ಲ. ಆದರೆ ಈ ಪೇಡೆ ಎರಡು ವರ್ಷದ ಹಿಂದೆಯೇ ಹಂಚಬೇಕಾಗಿತ್ತು. ತಡವಾದದ್ದು ನನ್ನಿಂದ. ತಡ ಮಾಡಿದ್ದಲ್ಲದೆ ಸುಳ್ಳು ಹೇಳಿ ಅದನ್ನು ಮುಚ್ಚಿಟ್ಟೆ— ಇವತ್ತು ಸಂಜೆಯವರೆಗೂ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ನಲವತ್ತು ವರ್ಷ ಎತ್ತಿನ ಸಂತೆಯಲ್ಲಿ ದಲಾಲಿ ಮಾಡಿದೆ. ನಮ್ಮಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ರುಮಾಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತಿ ಹೇಳುತ್ತೇವೆ. ಬೆಲೆ ಹತ್ತಿರ ಹತ್ತಿರ ಬಂದಾಗ ದಲಾಲಿ ಒಂದು ಆಟ ಆಡುತ್ತಾನೆ— ಕೈ ಕಿತ್ತುಕೊಂಡು, ಬೆನ್ನು ತಿರುಗಿಸಿ, ಹತ್ತು ಹೆಜ್ಜೆ ನಡೆದುಬಿಡುತ್ತಾನೆ. ಕೊಳ್ಳುವವನು ಆ ಬೆನ್ನು ನೋಡುತ್ತಾನೆ, ಪಕ್ಕದಲ್ಲಿ ನಿಂತ ಎತ್ತನ್ನೂ ನೋಡುತ್ತಾನೆ. "ಏ ದಲಾಲಿ, ಬಾರೋ ಇಲ್ಲಿ" ಎಂದು ಕರೆದೇ ಕರೆಯುತ್ತಾನೆ. ನನ್ನನ್ನು ಕರೆಯದೆ ಬಿಟ್ಟವರು ಕಡಿಮೆ. ಅದು ನನ್ನ ಸೊಕ್ಕು.

ಸುಜಾತಾ ಬಸವಕಲ್ಯಾಣದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಾಗ ಇಬ್ಬರು ಗೆಳತಿಯರ ಜೊತೆ ರೊಟ್ಟಿ ವ್ಯಾಪಾರದ ಕನಸು ಕಟ್ಟಿದ್ದಳು. 'ಕಲ್ಯಾಣದ ಕಡಕ್ ರೊಟ್ಟಿ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕೂಡಿಸಿ, ಕೊನೆಗೆ ಡಾಟ್ ಕಾಮ್ ಹಚ್ಚಿ, ಇಂಟರ್‌ನೆಟ್‌ನಲ್ಲಿ ಒಂದು ಡೊಮೇನ್ ಹೆಸರು ಕೊಂಡಿಟ್ಟಳು. ಒಬ್ಬರ ಹತ್ತಿರ ಇದ್ದ ಹೆಸರು ಇನ್ನೊಬ್ಬರಿಗೆ ಸಿಗುವುದಿಲ್ಲವಂತೆ. ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ಉಳಿಸಿಕೊಳ್ಳಬೇಕಂತೆ. ಗೆಳತಿಯರು ಲಗ್ನವಾಗಿ ಹೋದರು. ಹೆಸರು ಸುಮ್ಮನೆ ಬಿದ್ದುಕೊಂಡಿತು.

ಆರು ವರ್ಷದ ಹಿಂದೆ ಆ ಹೆಸರು ಬೇಕೆಂದು ಬಸವಕಲ್ಯಾಣದ ಒಬ್ಬ ವ್ಯಾಪಾರಿ ಕೇಳಿದ. ಹೆಣ್ಣುಮಕ್ಕಳನ್ನು ಕೆಲಸಕ್ಕಿಟ್ಟುಕೊಂಡು ರೊಟ್ಟಿ ತಟ್ಟಿಸಿ ಹೊರಗಿನ ಊರುಗಳಿಗೆ ಕಳಿಸುವವನು. ಸುಜಾತಾ ಕುಣಿಯುತ್ತ ನನ್ನ ಹತ್ತಿರ ಬಂದಳು.

"ಮುತ್ಯಾ, ನೀ ಮಾತಾಡು. ಇಪ್ಪತ್ತೈದು ಸಾವಿರ ಕೊಟ್ರ ಹೂಂ ಅನ್ನು. ಬಿ.ಎಡ್. ಫೀಸಿಗಿ ಅಷ್ಟ ಸಾಕು. ಜಾಸ್ತಿ ಆಸೆ ಬ್ಯಾಡ."

"ಎತ್ತಿನ ಹಲ್ಲ ನೋಡಿ ಬೆಲಿ ಕಟ್ಟಾಂವ ನಾ," ಎಂದೆ. "ಇದಕ ಹಲ್ಲರ ಎಲ್ಲ್ಯಾವ?"

"ಇಲ್ಲ, ನಿನ್ನಂಗ ಬೋಡ ಬಾಯಿ ಅದ," ಎಂದು ನಕ್ಕಳು.

ವ್ಯಾಪಾರಿಯ ಫೋನು ಬಂತು. ನಾನು ಐವತ್ತು ಸಾವಿರ ಅಂದೆ.

"ಬಳಸಲಾರದ ಹೆಸರಿಗಿ ಐವತ್ತಾ ಯಜಮಾನ್ರ? ಹೆಸರೇನ ಹಾಲ ಕೊಡ್ತದಾ?"

"ಹಾಲ ಕೊಡಲಾರದ್ದಕ ನೀವ್ಯಾಕ ಫೋನ್ ಹಚ್ಚಿದ್ರಿ?"

ಅವನು ನಕ್ಕ. ಹತ್ತು ಅಂದ. ಹದಿನೈದು ಅಂದ. ನಾನು ಎಳೆದೆ, ಅವನು ಏರಿದ. ಸಂತೆ ಬಿಟ್ಟು ಮನೆಯಲ್ಲಿ ಕುಳಿತು ಎಷ್ಟೋ ದಿನವಾಗಿತ್ತು. ನನ್ನ ಮಾತಿಗೆ ಬೆಲೆ ಏರುವುದನ್ನು ಮತ್ತೆ ಕೇಳುತ್ತಿದ್ದೆ. ಮೈಯೆಲ್ಲ ಬಿಸಿಯಾಗಿತ್ತು. ಕೊನೆಗೆ ಅವನು— "ಇಪ್ಪತ್ತೈದು. ಇದ ಅಖೇರಿ ಮಾತು. ಹೂಂ ಅನ್ರಿ, ಈಗೇ ರೊಕ್ಕ ಕಳಸ್ತೀನಿ."

ಮೊಮ್ಮಗಳು ಹೇಳಿದ್ದ ಬೆಲೆ. ಒಂದು ಹೂಂ ಅನ್ನಬೇಕಾಗಿತ್ತು. ಒಂದೇ ಒಂದು— ನಾನು ಏನಂದೆ ಗೊತ್ತೇ?

"ಬ್ಯಾಡಾದ್ರ ಬಿಡ್ರಿ. ನಮಗೇನ ಅವಸರಿಲ್ಲ."

ಫೋನ್ ಕಟ್ ಮಾಡಿದೆ. ಬೆನ್ನು ತಿರುಗಿಸಿದೆ. ಆದರೆ ಫೋನಿನಲ್ಲಿ ಬೆನ್ನು ಯಾರಿಗೆ ಕಾಣುತ್ತದೆ? ಆ ಬುದ್ಧಿ ನನಗೆ ಹೊಳೆಯಲೇ ಇಲ್ಲ. ಕರೆಯುತ್ತಾನೆ, ಇನ್ನು ಐದು ಏರಿಸಿ ಕರೆಯುತ್ತಾನೆ— ಎಂದು ಮೂರು ದಿನ ಬನಿಯನ್ ಜೇಬಿನಲ್ಲಿ ಫೋನ್ ಇಟ್ಟುಕೊಂಡು ತಿರುಗಿದೆ. ಸ್ನಾನಕ್ಕೆ ಹೋದರೂ ಬಚ್ಚಲ ಕಟ್ಟೆಯ ಮೇಲೆ ಇಟ್ಟುಕೊಂಡೆ. "ಫೋನ್ ಬಂತೇನ್ ಮುತ್ಯಾ?" ಎಂದು ಸುಜಾತಾ ಕೇಳಿದಾಗಲೆಲ್ಲ "ಮಾತು ನಡದದ" ಎಂದೆ.

ನಾಲ್ಕನೇ ದಿನ ನಾನೇ ಹಚ್ಚಿದೆ.

"ನೀವು ಕಟ್ ಮಾಡಿದ್ರಲ್ರಿ, ಮಾತ ಮುಗೀತು ಅಂದ್ಕೊಂಡೆ," ಎಂದ ಆ ವ್ಯಾಪಾರಿ. "ಹೆಸರಿನ ಹಿಂದ ಇನ್ನೊಂದ ಶಬ್ದ ಕೂಡಿಸಿ ಬ್ಯಾರೆ ತಗೊಂಡೇವಿ. ಸಾವಿರ ರೂಪಾಯಿನೂ ಹತ್ತಲಿಲ್ಲ."

ಇಪ್ಪತ್ತಕ್ಕೆ ಕೊಡುತ್ತೇನೆ ಎಂದೆ. ಹತ್ತಕ್ಕೆ ಎಂದೆ. "ಬ್ಯಾಡ್ರಿ ಯಜಮಾನ್ರ," ಎಂದ, ಬಹಳ ಸೌಜನ್ಯದಿಂದಲೇ. ಸಂತೆಯಲ್ಲಿ ನಿಂತ ಎತ್ತು ಒಂದೇ. ಅದು ಹೋದರೆ ಅಂಥದ್ದು ಇನ್ನೊಂದಿಲ್ಲ. ಇಲ್ಲಿ ಒಂದು ಶಬ್ದ ಕೂಡಿಸಿದರೆ ಇನ್ನೊಂದು ಎತ್ತು ಹುಟ್ಟುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ತಿಳಿದವಳು ಮನೆಯಲ್ಲೇ ಇದ್ದಳು. ಆಸೆ ಬೇಡ ಎಂದು ಮೊದಲೇ ಹೇಳಿದ್ದಳು. ಕೇಳಲಿಲ್ಲ— ಅವಳನ್ನು ಕೇಳುವುದು ನನ್ನ ದೊಡ್ಡತನಕ್ಕೆ ಕಡಿಮೆ ಅನ್ನಿಸಿತು.

ಇಲ್ಲಿಯವರೆಗಿನದು ತಪ್ಪು. ಇದರ ಮುಂದಿನದು ಪಾಪ.

ಅವಳು ಚಹಾ ತಂದು, "ಏನಾಯ್ತು ಮುತ್ಯಾ?" ಎಂದಳು. ನಾನು ಕಪ್ಪಿನೊಳಗೆ ನೋಡುತ್ತ ಹೇಳಿದೆ: "ಅಂವ ಲಫಂಗ. ಮೂರು ಸಾವಿರಕ್ಕ ಕೇಳ್ದ. ಇಂಥಾ ಹೆಸರಿಗಿ ಅದೂ ಜಾಸ್ತಿ ಆಯ್ತು ಅಂದ."

ಆ ಕೊನೆಯ ಮಾತನ್ನು ಯಾಕೆ ಸೇರಿಸಿದೆ? ಅದು ಬೇಕಾಗಿರಲಿಲ್ಲ. ನನ್ನ ಬೆಲೆ ಉಳಿಯಲಿ ಎಂದು ಅವಳ ಬೆಲೆ ಇಳಿಸಿದೆ.

"ಅಷ್ಟೇನಾ?" ಎಂದಳು. "ಹೋಗ್ಲಿ ಬಿಡು. ನಂದೇ ಹುಚ್ಚು."

ಆ ವರ್ಷ ಅವಳು ಬಿ.ಎಡ್. ಸೇರಲಿಲ್ಲ, ಮರುವರ್ಷವೂ ಸೇರಲಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ನಿಂತು ಫೀಸು ಕೂಡಿಸಿದಳು. ಡೊಮೇನಿಗೆ ದುಡ್ಡು ಕಟ್ಟುವುದನ್ನು ಬಿಟ್ಟಳು, ಹೆಸರು ಹೋಯಿತು. ಅದಕ್ಕಿಂತ ಬೇರೆಯದೊಂದು ಹೋಯಿತು. ಮೊದಲು ವಾರಕ್ಕೊಂದು ಹೊಸ ವಿಚಾರ ಅವಳದು— ನೋಟ್‌ಬುಕ್ಕಿನ ಹಿಂದೆ ಶೇಂಗಾ ಹಿಂಡಿ ಚಟ್ನಿಯ ಡಬ್ಬಿಗೆ ಚಿತ್ರ ಬರೆಯುವಳು, ಕರದಂಟಿಗೆ ಹೆಸರು ಹುಡುಕುವಳು. ಅದೆಲ್ಲ ನಿಂತಿತು. ಯಾರಾದರೂ ಅವಳ ಸಲಹೆ ಕೇಳಿದರೆ, "ನನ್ನ ತಲಿ ಮೂರು ಸಾವಿರದ್ದು, ಬ್ಯಾರೆದಾರಿಗಿ ಕೇಳ್ರಿ" ಎನ್ನುವಳು. ಮನೆಯಲ್ಲಿ ಅದೊಂದು ಚೇಷ್ಟೆಯ ಮಾತಾಯಿತು. ಓಣಿಯವರೂ ಕಲಿತರು. ಎಲ್ಲರೂ ನಗುವರು. ನಾನೂ ನಗುತ್ತಿದ್ದೆ— ದೇವರೇ, ನಾನೂ ನಗುತ್ತಿದ್ದೆ.

ಇವತ್ತು ಸಂಜೆ ಅವಳು ಹುಡಗಿಯಿಂದ ಬಸ್ಸಿಳಿದು ಬಂದಳು. ತೋಳಿಗೆ ಸೀಮೆಸುಣ್ಣದ ಪುಡಿ ಮೆತ್ತಿತ್ತು. ನನ್ನ ಸೊಸೆ ಕಾಶಮ್ಮ ಆರತಿ ಎತ್ತಿದಳು. ಸುಜಾತಾ ಚಪ್ಪಲಿ ಬಿಚ್ಚುತ್ತಲೇ ಶಾಲೆಯ ಸುದ್ದಿ ಹೇಳತೊಡಗಿದಳು. ಮಕ್ಕಳ ಗೋಡೆ ಪತ್ರಿಕೆಗೆ ಒಂದು ಹೆಸರಿಡಲು ಹೆಡ್‌ಮಾಸ್ತರರು ಹೊಸ ಟೀಚರನ್ನೇ ಕೇಳಿದರಂತೆ.

"ನಾ ಏನಂದೆ ಹೇಳು ಅವ್ವಾ? ಸರ್, ನನಗ ಹೆಸರ ಕೇಳಬ್ಯಾಡ್ರಿ, ನಾ ಇಟ್ಟ ಹೆಸರಿಗಿ ಬಜಾರದಾಗ ಮೂರ ಸಾವಿರನೂ ಜಾಸ್ತಿ ಅಂದೆ!"

ಕಾಶಮ್ಮ ನಕ್ಕಳು. ನನ್ನ ಮಗ ಶಿವರಾಜ ನಕ್ಕ. ನನಗೆ ಆಗಲಿಲ್ಲ. ಅವಳು ಅದನ್ನು ಮೊದಲ ದಿನವೇ ಶಾಲೆಗೂ ಹೊತ್ತುಕೊಂಡು ಹೋಗಿದ್ದಳು.

"ಅಂವ ಇಪ್ಪತ್ತೈದು ಅಂದಿದ್ದ," ಎಂದೆ.

"ಯಾರ್ ಮುತ್ಯಾ?"

"ಕಲ್ಯಾಣದಾಂವ. ಇಪ್ಪತ್ತೈದ ಸಾವಿರ ಕೊಡ್ತೀನಿ ಅಂದಿದ್ದ. ನಾನೇ ಫೋನ್ ಕಟ್ ಮಾಡ್ದೆ. ಮೂರು ಸಾವಿರದ್ದು ಸುಳ್ಳು."

"ಖುಷಿ ದಿನ ಏನೇನರೆ ಅನಬ್ಯಾಡ್ರಿ ಮಾವಾ," ಎಂದಳು ಕಾಶಮ್ಮ. ಸುಜಾತಾ ಕೈ ಎತ್ತಿ ಅವ್ವನನ್ನು ತಡೆದಳು.

"ಇಪ್ಪತ್ತೈದೇ? ನಾ ಹೇಳಿದ್ದಷ್ಟೇ?"

"ನೀ ಹೇಳಿದ್ದಷ್ಟೇ."

ಕಣ್ಣು ಮಿಟುಕಿಸುವಷ್ಟು ಹೊತ್ತು ಅವಳ ಮುಖ ಬೆಳಗಿತು— ಕಾಲೇಜಿನ ಕಾಲದ ಮುಖ, ಅದನ್ನು ನೋಡಿ ಆರು ವರ್ಷವಾಗಿತ್ತು. ಆಮೇಲೆ ಆರಿತು.

"ಎರಡು ವರ್ಷ ಹೋದ್ದು ಹೋಗ್ಲಿ ಮುತ್ಯಾ. ನಾ ದಡ್ಡಿ ಅಂತ ನಂಬಿಕೊಂಡ ಕುಂತೆನಲ್ಲ— ಅದಕೇನ್ ಮಾಡ್ಲಿ?"

ಕ್ಷಮಿಸು ಎನ್ನಲು ಬಾಯಿ ತೆರೆದೆ. ಅದೂ ಬೆಲೆ ಇಳಿಸಿಕೊಳ್ಳುವ ಚೌಕಾಸಿಯಂತೆ ಕಂಡಿತು. ಇಷ್ಟು ಮಾತ್ರ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ— ಇವತ್ತು ಪೇಡೆ ತಿಂದವರ ಮನೆ ಮನೆಗೆ ನಾಳೆ ಹೋಗುತ್ತೇನೆ. ಮೂರು ಸಾವಿರದ ಮಾತು ಯಾರು ಹುಟ್ಟಿಸಿದ್ದು ಎಂದು ನನ್ನ ಬಾಯಿಂದಲೇ ಹೇಳುತ್ತೇನೆ. ಹಾಲಿನವನಿಗೆ ಎರಡು ಸಲ.

ಕಾಶಮ್ಮ ಚಾಪೆ ಹಾಸಿದಳು. ಎಲ್ಲರೂ ಕುಳಿತೆವು. ಗೋಧಿ ಹುಗ್ಗಿ, ಪುಂಡಿಪಲ್ಯ, ಬ್ಯಾಳಿ, ಜೋಳದ ಕಡಕ್ ರೊಟ್ಟಿ. ಸುಜಾತಾ ಎಲ್ಲರಿಗೂ ಬಡಿಸಿದಳು, ನನಗೂ ಬಡಿಸಿದಳು. ನನಗೆ ಹಲ್ಲಿಲ್ಲವೆಂದು ದಿನಾ ಅವಳೇ ರೊಟ್ಟಿ ಮುರಿದು ಬ್ಯಾಳಿಯಲ್ಲಿ ನೆನೆಸಿ ಕೊಡುತ್ತಿದ್ದಳು. ಇವತ್ತು ಇಡೀ ರೊಟ್ಟಿ ಇಟ್ಟು ಆಚೆ ತುದಿಗೆ ಹೋಗಿ ಕುಳಿತಳು.

ನಾನೇ ಮುರಿದೆ. ಚೂರುಗಳನ್ನು ಬ್ಯಾಳಿಯಲ್ಲಿ ಹಾಕಿ, ನೆನೆಯಲೆಂದು ಕಾದೆ. ಶಿವರಾಜನ ಊಟ ಮುಗಿಯಿತು, ಕಾಶಮ್ಮನದೂ ಮುಗಿಯಿತು. ಸುಜಾತಾ ನನ್ನ ಕಡೆ ನೋಡಲಿಲ್ಲ, ಎದ್ದೂ ಹೋಗಲಿಲ್ಲ. ಖಾಲಿ ತಾಟಿನ ಮುಂದೆ, ಎಂಜಲು ಕೈ ಒಣಗಿಸಿಕೊಂಡು, ನನ್ನ ರೊಟ್ಟಿ ಮೆತ್ತಗಾಗಿ ನಾನು ಕೊನೆಯ ತುತ್ತು ತಿನ್ನುವವರೆಗೂ ಕುಳಿತೇ ಇದ್ದಳು.