ಗುಬ್ಬಿಯ ಕಿವಿಗೊಂದು ಕಿಟಕಿ

ನನ್ನ ನಾದಿನಿಗೆ ಅರವತ್ತೆರಡು ವರ್ಷ. ಅವಳಣ್ಣ, ಅಂದರೆ ನನ್ನ ಯಜಮಾನರು, ಇದ್ದಾಗ ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದರು. ಅವರು ಹೋದ ಮೇಲೂ ನಾನು ಹಾಗೇ ಕರೆಯುತ್ತೇನೆ, ನನ್ನ ಮಗಳಿಗೆ ಅವಳು ಗುಬ್ಬತ್ತೆ. ಹುಟ್ಟಿನಿಂದಲೇ ಅವಳಿಗೆ ಕಣ್ಣು ಅಷ್ಟಕ್ಕಷ್ಟೆ. ಬೆಳಕು ಯಾವ ಕಡೆಯಿಂದ ಬರುತ್ತಿದೆ, ಎದುರಿಗಿರುವುದು ಮನುಷ್ಯನೋ ಕಂಬವೋ, ಇಷ್ಟು ತಿಳಿಯುತ್ತದೆ. ಉಳಿದದ್ದೆಲ್ಲ ಕಿವಿಯ ಮತ್ತು ಬೆರಳಿನ ಪಾಲು.

ನಾವಿಬ್ಬರೂ ಹಳೆಯ ಮೇಜು ಕುರ್ಚಿ ರಿಪೇರಿ ಮಾಡುವ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೆಲಸ ಮಾಡುತ್ತೇವೆ. ನನ್ನದು ದಿಂಬಿನ ಹೊಲಿಗೆ, ಅವಳದು ಬೆತ್ತದ ಹೆಣಿಗೆ. ಇಬ್ಬರ ನಡುವೆ ನಾಲ್ಕಡಿ ಜಾಗ, ಅದರಲ್ಲಿ ಬೆತ್ತ ನೆನೆಯುವ ತೊಟ್ಟಿ. ಕುರ್ಚಿಯ ಚೌಕಟ್ಟಿನ ಸುತ್ತ ತೂತುಗಳಿರುತ್ತವೆ. ನೆನೆದ ಎಳೆಯನ್ನು ಒಂದು ತೂತಿನಿಂದ ಎದುರಿನ ತೂತಿಗೆ ಎಳೆದು, ಜಾರದ ಹಾಗೆ ಸಣ್ಣ ಗೂಟ ಸಿಕ್ಕಿಸಬೇಕು. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಮತ್ತೆ ಉದ್ದಕ್ಕೆ, ಮತ್ತೆ ಅಡ್ಡಕ್ಕೆ, ಕೊನೆಗೆ ಎರಡು ಸಲ ಓರೆಯಾಗಿ. ಎಳೆ ಎಷ್ಟು ಬಿಗಿಯಿರಬೇಕು ಎಂಬುದೇ ಇದರ ಗುಟ್ಟು. ಒದ್ದೆಯಿದ್ದಾಗ ಸರಿಯೆನಿಸಿದ್ದು ಒಣಗುತ್ತಾ ಇನ್ನೂ ಬಿಗಿಯುತ್ತದೆ. ಗುಬ್ಬಿ ಪ್ರತಿ ಎಳೆಯನ್ನೂ ಉಗುರಿನಿಂದ ಒಮ್ಮೆ ಮೀಟುತ್ತಾಳೆ. ‘ದಪ್’ ಎಂದರೆ ಸಡಿಲ. ‘ಟಿಣ್’ ಎಂದರೆ ಅತಿಯಾಯಿತು. ನಡುವೆ ‘ಡುಂ’ ಎಂಬುದೊಂದಿದೆ. ಅದು ಬಂದರೆ ತಲೆಯಾಡಿಸಿ ಮುಂದಿನ ತೂತಿಗೆ ಹೋಗುತ್ತಾಳೆ.

ಇಷ್ಟು ವರ್ಷವೂ ತೊಟ್ಟಿಯ ಪಕ್ಕದ ಕಟ್ಟೆಯ ಮೇಲೆ ಒಂದು ರೇಡಿಯೊ ಹಾಡುತ್ತಿತ್ತು. ಅದು ಅವಳಿಗೆ ಶೋಕಿಯಲ್ಲ. ಹಾಡಿಲ್ಲದಿದ್ದರೆ ಬೀದಿಯ ಪ್ರತಿ ಸಪ್ಪಳಕ್ಕೂ ಅವಳ ಕೈ ನಿಲ್ಲುತ್ತದೆ. ಯಾರು ಬಂದರು, ಏನು ಬಿತ್ತು ಎಂದು ಮನಸ್ಸು ಎದ್ದು ಬಾಗಿಲಿಗೆ ಹೋಗುತ್ತದೆ. ಹಾಡಿದ್ದರೆ ಅದರ ದಡದಲ್ಲಿ ಕೂತ ಹಾಗೆ ಕೂತುಬಿಡುತ್ತಾಳೆ.

ಈ ತಿಂಗಳ ಮೊದಲಲ್ಲಿ ನಮ್ಮ ಅಂಗಡಿಯವರು ಕೋಣೆಯ ಕಿಟಕಿಯ ಬದಿಯನ್ನು ಗಡಿಯಾರ ರಿಪೇರಿಯವರೊಬ್ಬರಿಗೆ ಬಾಡಿಗೆಗೆ ಕೊಟ್ಟರು. ಗಡಿಯಾರದವರು ಸಾಧು ಮನುಷ್ಯ. ಆದರೆ ಅವರದೂ ಕಿವಿಯ ಕೆಲಸವೇ. ಕೈಗಡಿಯಾರವನ್ನು ಕಿವಿಗೆ ಹಿಡಿದು ಅದರ ಬಡಿತದಲ್ಲಿ ಎಡವಟ್ಟು ಹುಡುಕುವವರು. ಎರಡನೆಯ ದಿನವೇ ಕೈಮುಗಿದು, “ಅಕ್ಕ, ರೇಡಿಯೊ ಒಂದು ಬೇಡ. ನನಗೆ ಏನೂ ಕೇಳಲ್ಲ” ಎಂದರು. ಅಂಗಡಿಯವರೂ ಹೌದೆಂದರು. ರೇಡಿಯೊ ಅಟ್ಟ ಸೇರಿತು.

ಅಂಗಡಿಯವರ ಹೆಂಡತಿ ಪಾಪ ಎಂದುಕೊಂಡು ತಮ್ಮ ಹೆಡ್‌ಫೋನ್ ತಂದುಕೊಟ್ಟರು. ದಪ್ಪನೆಯ, ಕಿವಿಯನ್ನು ಗಟ್ಟಿಯಾಗಿ ಮುಚ್ಚುವಂಥದ್ದು. ಅದನ್ನು ಹಾಕಿಕೊಂಡು ಗುಬ್ಬಿ ವಾಚನಾಲಯವೊಂದರಿಂದ ಬಂದ ಎಂಟು ಕುರ್ಚಿಗಳಲ್ಲಿ ಎರಡನ್ನು ಹೆಣೆದಳು. ನಾನು ಕರೆದರೆ ಕೇಳುತ್ತಿರಲಿಲ್ಲ, ಮುಟ್ಟಿದರೆ ಬೆಚ್ಚಿಬೀಳುತ್ತಿದ್ದಳು. ಮೀಟುವುದು ಮೀಟುತ್ತಿದ್ದಳು, ಆದರೆ ಅದರ ದನಿ ಒಳಗೆ ಹೋಗುತ್ತಿರಲಿಲ್ಲ. ಬೆರಳಿನ ಅಂದಾಜಿನ ಮೇಲೆ ಎಳೆದಳು. ಕುರ್ಚಿ ಒಣಗಿದಾಗ ಒಂದರಲ್ಲಿ ಎರಡು ಎಳೆ, ಇನ್ನೊಂದರಲ್ಲಿ ಮೂರು, ಟಪ್ಪೆಂದು ಹರಿದುಹೋದವು.

ಅಂಗಡಿಯವರು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಕಾರ್ಖಾನೆಯಲ್ಲಿ ಹೆಣೆದು ಬರುವ ಬೆತ್ತದ ಜಾಳಿಗೆಯ ಒಂದು ಸುರುಳಿ ತಂದು ಗೋಡೆಗೆ ಒರಗಿಸಿದರು. ಅದನ್ನು ಕತ್ತರಿಸಿ ಚೌಕಟ್ಟಿಗೆ ಒತ್ತಿ ಅಂಟು ಹಾಕಿದರೆ ಮುಗಿಯಿತು.

“ಗುಬ್ಬಕ್ಕ, ಮೂರನೇ ಕುರ್ಚಿ ನೋಡ್ತೀನಿ. ಅದು ಸರಿ ಬಂದ್ರೆ ಎಂಟೂ ನೀವೇ ಮಾಡಿ. ಅದೂ ಹೀಗೇ ಆದ್ರೆ ಇನ್ಮೇಲೆ ರೆಡಿಮೇಡೇ ಹಾಕಿಸ್ತೀನಿ. ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ.”

“ನನಗೇನು ಕೆಲಸ ಕೊಡ್ತೀರಿ ಆಮೇಲೆ?”

“ಅಂಟು ಬಳಿಯೋದು.”

ಆ ದಿನ ಮನೆಗೆ ನಡೆಯುವಾಗ ಗುಬ್ಬಿ ನನ್ನ ತೋಳು ಹಿಡಿದಿದ್ದಳು. ಮೆಟ್ಟಿಲ ಹತ್ತಿರ ಬಂದಾಗ, “ಅಂಟು ನಾರುತ್ತೆ ಅತ್ತಿಗೆ” ಎಂದಳು.

ವಿಷಯ ತಿಳಿದು ನನ್ನ ಮಗಳು ರಜೆಯ ದಿನ ಒಂದು ಡಬ್ಬ ಹಿಡಿದುಕೊಂಡು ಬಂದಳು. ರೇಡಿಯೊ, ಫೋನು ಮಾರುವ ಅಂಗಡಿಯಲ್ಲಿ ಅವಳ ಕೆಲಸ. “ಗುಬ್ಬತ್ತೆ, ಈ ಹೆಡ್‌ಫೋನ್ ದುಬಾರಿಯದೇನಲ್ಲ, ಪ್ಲಾಸ್ಟಿಕ್ಕು. ಆದ್ರೆ ಇದರ ಬೆನ್ನು ತೆರೆದಿರುತ್ತೆ. ಹಾಕ್ಕೊಂಡು ನೋಡಿ” ಎಂದಳು.

ಮೊದಲು ಗುಬ್ಬಿ ಅದನ್ನು ಕೈಯಲ್ಲಿ ತೂಗಿದಳು. ಒಂದು ಉಂಡೆ ನೂಲಿನಷ್ಟೂ ಭಾರವಿಲ್ಲ. ಬಗ್ಗಿಸಿದರೆ ಕಿರ್ರೆನ್ನುತ್ತದೆ. ಕಿವಿಗೆ ತಾಗುವಲ್ಲಿ ಮೆತ್ತನೆಯ ಬಟ್ಟೆ, ನಾನೂ ಮುಟ್ಟಿ ನೋಡಿದೆ, ಹೊಲಿಗೆ ಅಚ್ಚುಕಟ್ಟಾಗಿಯೇ ಇತ್ತು. ತಂತಿ ಮಾತ್ರ ಕಾಲಿಗೆ ತೊಡರುವಷ್ಟು ಉದ್ದ, ಅದರ ನಡುವೆ ಸದ್ದು ಏರಿಸಿ ಇಳಿಸುವ ಪುಟ್ಟ ಚಕ್ರ. ಹಿಂಬದಿಯಲ್ಲಿ ಮುಚ್ಚಳವಿರಬೇಕಾದ ಕಡೆ ಸಣ್ಣ ಕಣ್ಣಿನ ಜಾಲರಿ. ಗುಬ್ಬಿ ಅದರ ಮೇಲೆ ಬೆರಳಾಡಿಸಿ ನಕ್ಕಳು.

“ಇದನ್ನೂ ಯಾರೋ ಹೆಣೆದಿದ್ದಾರೆ ನೋಡಿ.”

ತಲೆಗೆ ಹಾಕಿಕೊಂಡಳು. ಮಗಳು ತಂತಿಯನ್ನು ಗುಬ್ಬಿಯ ಫೋನಿಗೆ ಸಿಕ್ಕಿಸಿ ಕೊಳಲು ಹಚ್ಚಿದಳು. ನಾನು ಸುಮ್ಮನಿರಲಾರದೆ, “ಹೇಗಿದೆಯೇ?” ಎಂದೆ.

“ಅಯ್ಯೋ, ಇದು ಕೆಟ್ಟುಹೋಗಿದೆ. ನೀವು ಮಾತಾಡಿದ್ದು ಕೇಳ್ತಿದೆ!”

ಮಗಳು ನಗುತ್ತಾ ಮಂಚದ ಮೇಲೆ ಬಿದ್ದುಬಿಟ್ಟಳು. “ಕೆಟ್ಟಿಲ್ಲ ಅತ್ತೆ, ಅದಿರೋದೇ ಹಾಗೆ.”

ಗುಬ್ಬಿ ಮಾತ್ರ ನಗಲಿಲ್ಲ. ಮುಖವನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸುತ್ತಾ ಕೂತಳು. “ತಮಟೆ ಗಿಮಟೆ ಗುದ್ದೋ ಹಾಗೆ ಇದರಲ್ಲಿ ಬರಲ್ಲ ಅನ್ಸುತ್ತೆ, ತೆಳ್ಳಗಿದೆ” ಎಂದಳು. ಸ್ವಲ್ಪ ಹೊತ್ತಾದ ಮೇಲೆ, “ಕೊಳಲು ತಲೆಯೊಳಗೆ ಇಲ್ಲ ಅತ್ತಿಗೆ. ಆ ಮೂಲೇಲಿ ಕೂತಿದ್ದಾನೆ ನುಡಿಸೋನು. ನಲ್ಲಿ ತೊಟ್ಟಿಕ್ತಿರೋದು ಅವನ ಪಕ್ಕದಲ್ಲಿ. ನೀವು ಈಚೆ ಕಡೆ. ಎಲ್ಲಾರೂ ಒಂದೇ ಮನೇಲಿ ಇದ್ದೀವಿ” ಎಂದಳು. ನಾನು ಮೂಲೆಗೆ ನೋಡಿದೆ. ಬಿಸಿಲಿನ ಒಂದು ಪಟ್ಟಿ ಬಿದ್ದಿತ್ತು, ಅದರಲ್ಲಿ ಧೂಳು ಏಳುತ್ತಾ ಇಳಿಯುತ್ತಾ ಇತ್ತು. ನುಡಿಸುವವನು ಅಲ್ಲೇ ಇದ್ದರೂ ಇರಬಹುದು ಎನಿಸಿತು.

ಮಾರನೆಯ ದಿನ ಮೂರನೆಯ ಕುರ್ಚಿ ಶುರುವಾಯಿತು. ಕೊಳಲೂ ಇತ್ತು, ‘ಡುಂ’ ಕೂಡ ಇತ್ತು. ಉದ್ದದ ಎಳೆಗಳು ಮುಗಿದವು, ಅಡ್ಡದವು ಅರ್ಧಕ್ಕೆ ಬಂದವು. ಅಷ್ಟರಲ್ಲಿ ಗಡಿಯಾರದವರು ತಲೆಯೆತ್ತಿ ಕೈಯಲ್ಲಿ ಗಾಳಿ ಹೊಡೆದರು.

“ಅಕ್ಕ, ನಿಮ್ಮ ಕಡೆ ಸೊಳ್ಳೆ ಇದೆಯಾ? ಸಣ್ಣಗೆ ಗುಂಯ್ ಅಂತಿದೆ. ಯಾವ ಗಡಿಯಾರ ತೆರೆದ್ರೂ ಅದರೊಳಗೆ ಸೊಳ್ಳೆ ಕೂತ ಹಾಗಿದೆ.”

ಆ ಜಾಲರಿಯಿಂದ ಹಾಡು ಹೊರಗೆ ಸೋರುತ್ತಿತ್ತು. ಇದೂ ಅಟ್ಟ ಸೇರಿದರೆ ಗುಬ್ಬಿಯ ಗತಿಯೇನು? ಊಟದ ಹೊತ್ತಿಗೆ ಅವಳು ಕೈತೊಳೆಯಲು ಹೋದಾಗ ದಿಂಬಿನ ಒಳಗೆ ಹಾಕುವ ದಪ್ಪ ಉಣ್ಣೆಯ ಬಟ್ಟೆಯಿಂದ ಎರಡು ದುಂಡು ತುಂಡು ಕತ್ತರಿಸಿದೆ. ಎರಡು ಜಾಲರಿಗಳ ಮೇಲೂ ಸುತ್ತ ಹೊಲಿಗೆ ಹಾಕಿ, ಅಂಚಿಗೆ ನೂಲು ಬಿಗಿದು ಟೊಪ್ಪಿಗೆಯ ಹಾಗೆ ಕೂರಿಸಿದೆ. ಸೋರುವುದೂ ನಿಂತಿತು, ಧೂಳಿಗೂ ಆಯಿತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅವಳನ್ನು ಒಂದು ಮಾತು ಕೇಳಲಿಲ್ಲ.

ಗುಬ್ಬಿ ಬಂದು ಹಾಕಿಕೊಂಡಳು. ಒಂದು ಎಳೆ ಎಳೆದಳು, ಮೀಟಿದಳು. ಮತ್ತೆ ಮೀಟಿದಳು. ಕೈ ನಿಂತಿತು.

“ಬಾಗಿಲು ಹಾಕಿದ್ದು ಯಾರು?”

ಬಾಗಿಲು ತೆರೆದೇ ಇತ್ತು. ಅವಳು ಹೆಡ್‌ಫೋನ್ ತೆಗೆದು ಹಿಂಬದಿ ಮುಟ್ಟಿದಳು, ಅಂಚಿನ ಸುತ್ತ ಬೆರಳು ನಡೆಸಿದಳು.

“ಅಂಗುಲಕ್ಕೆ ಹನ್ನೆರಡು ಹೊಲಿಗೆ. ಬೇರೆ ಯಾರೂ ಇಷ್ಟು ಒತ್ತಾಗಿ ಹಾಕಲ್ಲ. ಯಾಕೆ ಅತ್ತಿಗೆ? ಇದ್ದ ಒಂದು ಕಿಟಕಿಗೂ ಗೋಡೆ ಕಟ್ಟಿಬಿಟ್ರಲ್ಲ.”

“ಅವರಿಗೆ ಸೊಳ್ಳೆ ಕೇಳ್ತಿತ್ತು ಕಣೇ. ನಿನ್ನ ಕೈಯಿಂದ ಇದನ್ನೂ ಕಿತ್ಕೋತಾರೆ ಅಂತ…” ಎಂದೆ.

ಗಡಿಯಾರದವರು ಕೇಳಿಸಿಕೊಂಡರು. ಎದ್ದು ಬಂದು ಹೆಡ್‌ಫೋನಿಗೆ ಕೈ ಚಾಚಿದರು. ನಾನು ಕತ್ತರಿಯ ತುದಿಯಿಂದ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದೆ. ಹಾಕುವುದಕ್ಕಿಂತ ಬಿಚ್ಚಲು ಹೆಚ್ಚು ಹೊತ್ತು ಹಿಡಿಯಿತು. ಅವರು ಹೆಡ್‌ಫೋನ್ ಹಾಕಿಕೊಂಡು ಕೋಣೆಯ ನಡುವೆ ನಿಂತರು. ಕಿಟಕಿಯ ಬದಿಯಲ್ಲಿ ಅವರ ನಲವತ್ತು ಗಡಿಯಾರಗಳು ತಮ್ಮ ಪಾಡಿಗೆ ತಾವು ನಡೆಯುತ್ತಿದ್ದವು. ಅವರ ಮುಖ ನಿಧಾನವಾಗಿ ಸಡಿಲವಾಯಿತು.

“ನನ್ನ ಗಡಿಯಾರ ಎಲ್ಲಾ ಕೇಳ್ತಿವೆ. ಆ ಗೋಡೆಯದು ಕುಂಟ್ತಾ ಇದೆ, ಅದೂ ಗೊತ್ತಾಗ್ತಿದೆ. ಕೊಳಲು ಅವುಗಳ ನಡುವೆ ಓಡಾಡ್ತಿದೆ” ಎಂದರು. ಆಮೇಲೆ ಹಣೆಗೆ ಏರಿಸಿಕೊಂಡಿದ್ದ ಭೂತಗನ್ನಡಿಯನ್ನು ಮುಟ್ಟಿಕೊಂಡರು. “ಕಲಿಯೋವಾಗ ನಮ್ಮ ಗುರುಗಳು ಒಂದು ಮಾತು ಹೇಳ್ತಿದ್ರು. ಈ ಕಣ್ಣಿಗೆ ಗಾಜು ಹಾಕ್ಕೊಂಡಾಗ ಇನ್ನೊಂದು ಕಣ್ಣು ಮುಚ್ಚಬೇಡ, ಸುಸ್ತಾಗುತ್ತೆ ಅಂತ. ಇದು ಅದೇ ಅಲ್ವಾ?”

“ನನಗೇನು ಗೊತ್ತು, ನನಗೆ ಎರಡೂ ಮುಚ್ಚಿವೆ” ಎಂದಳು ಗುಬ್ಬಿ. ಮೂವರೂ ನಕ್ಕೆವು.

ಅವರು ಹೆಡ್‌ಫೋನನ್ನು ಗುಬ್ಬಿಗೆ ತೊಡಿಸಿ, ತಮ್ಮ ಮೇಜಿಗೆ ಹೋಗಿ ಒಂದು ಪುಟ್ಟ ಕೈಗಡಿಯಾರವನ್ನು ಕಿವಿಗೆ ಹಿಡಿದರು. “ಅಕ್ಕ, ಆ ಚಕ್ರ ಇಳಿಸ್ತಾ ಬನ್ನಿ. ಇನ್ನೂ ಇದೆ ಸೊಳ್ಳೆ. ಇನ್ನೂ ಇದೆ… ದೂರ ಹೋಯ್ತು… ಆಂ, ಸತ್ತಿತು. ನಿಲ್ಲಿಸಿ. ನಿಮಗೆ ಕೇಳುತ್ತಾ?”

ಗುಬ್ಬಿ ತಲೆ ಓರೆ ಮಾಡಿ ಆಲಿಸಿದಳು. “ಕೇಳುತ್ತೆ. ಪಕ್ಕದ ಮನೇಲಿ ನುಡಿಸ್ತಿದ್ದಾನೆ. ಸಾಕು, ಇಷ್ಟು ದೂರ ಇದ್ರೇ ಒಳ್ಳೇದು.”

ಆ ಚಕ್ರ ಅದಕ್ಕಿಂತ ಮೇಲೆ ತಿರುಗದ ಹಾಗೆ ಅವರು ಗಡಿಯಾರದ ಮುಳ್ಳೊಂದರ ತುಣುಕನ್ನು ಅಲ್ಲಿಗೆ ಅಂಟಿಸಿಕೊಟ್ಟರು. ಬೆರಳಿಟ್ಟರೆ ತಿಳಿಯುತ್ತದೆ. “ಅಂಟು ನಿಮ್ಮ ಹತ್ರಾನೂ ಇದೆಯಾ!” ಎಂದು ಗುಬ್ಬಿ ಮೂಗು ಮುಚ್ಚಿಕೊಂಡಳು.

ಮೂರನೆಯ ಕುರ್ಚಿಯ ಹೆಣಿಗೆ ಮರುದಿನ ಸಂಜೆಗೆ ಮುಗಿಯಿತು. ನೆರಳಿನಲ್ಲಿ ಒಣಗಲು ಇಟ್ಟು ಮನೆಗೆ ಹೋದೆವು. ಬೆಳಗ್ಗೆ ಬಾಗಿಲು ತೆಗೆದಾಗ ಅಂಗಡಿಯವರು ನಮಗಿಂತ ಮೊದಲೇ ಬಂದು ಅದರ ಎದುರು ಕುಕ್ಕರುಗಾಲಿನಲ್ಲಿ ಕೂತಿದ್ದರು. ಗುಬ್ಬಿ ನನ್ನ ತೋಳು ಬಿಟ್ಟು, ತೊಟ್ಟಿಯ ಅಂಚು ಹಿಡಿದು ಹೋಗಿ, ಬಗ್ಗಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಳೆಗಳನ್ನು ಮೀಟಿದಳು. ಒಣಗಿದ ಬೆತ್ತದ ದನಿ ಒದ್ದೆಯದಕ್ಕಿಂತ ಮೇಲಿರುತ್ತದೆ. ಒಂದೂ ಹರಿದಿರಲಿಲ್ಲ. ಒಂದೂ ‘ದಪ್’ ಎನ್ನಲಿಲ್ಲ. ಅಂಗಡಿಯವರು ಕುರ್ಚಿಯ ಮೇಲೆ ಕೂತರು, ಮೈಭಾರವೆಲ್ಲ ಬಿಟ್ಟು ಒಮ್ಮೆ ಕುಕ್ಕಿದರು, ಎದ್ದರು.

“ಇನ್ನು ಐದು. ಆ ಹರಿದ ಎರಡನ್ನೂ ಬಿಚ್ಚಿ ಮತ್ತೆ ಹೆಣೀಬೇಕು” ಎಂದರು. ಜಾಳಿಗೆಯ ಸುರುಳಿಯನ್ನು ಹೆಗಲಿಗೇರಿಸಿ ಅಟ್ಟದ ಏಣಿ ಹತ್ತಿದರು. ಬರುವಾಗ ರೇಡಿಯೊ ಒರೆಸಿ ತಂದು ಗುಬ್ಬಿಯ ಕೈಗಿಟ್ಟರು. “ಇದು ಮನೆಗೆ ತಗೊಂಡು ಹೋಗಿ.”

ಈಗ ಮಧ್ಯಾಹ್ನದ ಹೊತ್ತು ನಾನು ಹೊಲಿಯುತ್ತಾ ಕೂತಿರುವಾಗ, ಒಮ್ಮೊಮ್ಮೆ ಬೀದಿ ತಣ್ಣಗಾಗುತ್ತದೆ. ಗಡಿಯಾರದವರಿಗೆ ಕೇಳದ್ದು ನಾಲ್ಕಡಿ ದೂರದ ನನಗೆ ಆಗ ಸ್ವಲ್ಪ ಕೇಳುತ್ತದೆ. ನೂಲಿನಷ್ಟು ಸಣ್ಣ ಕೊಳಲು. ಅದರ ಕೆಳಗೆ ‘ಡುಂ’. ಆಮೇಲೆ ಗುಬ್ಬಿಯ ಗೂಟ ತೂತಿಗಿಳಿಯುವ ಸಪ್ಪಳ. ಮತ್ತೆ ‘ಡುಂ’. ನನ್ನ ಸೂಜಿ ತಾನಾಗಿ ನಿಧಾನವಾಗುತ್ತದೆ.

“ಅತ್ತಿಗೆ, ನಿದ್ದೆ ಮಾಡ್ತಿದ್ದೀರಾ? ನಿಮ್ಮ ದಾರ ಎಳೆಯೋ ಸದ್ದು ನಿಂತಿದೆ” ಎಂದು ತಲೆಯೆತ್ತದೆಯೇ ಕೇಳುತ್ತಾಳೆ.