ಮಾಳಿಗೆಯ ಮೇಲೆ ಬಿದ್ದ ಮೀನಿನ ಹಲ್ಲು

ನಿಜಾಮರ ಕಾಲದ ಕೊನೆಯ ವರ್ಷಗಳು. ನಾನು ಭೂಗರ್ಭ ಖಾತೆಯಲ್ಲಿ ಹಂಗಾಮಿ ಸಹಾಯಕ. ಕಲ್ಲಿನೊಳಗೆ ಸಿಕ್ಕ ಹಲ್ಲು ನೋಡಿ, ವಂಶವೇ ಅಳಿದುಹೋದ ಯಾವ ಮೀನಿನದು ಅದು ಎಂದು ಹೇಳುವುದು ನನ್ನ ಕೆಲಸ. ನಮ್ಮೂರು ದೇವದುರ್ಗದಲ್ಲಿ ಇದನ್ನು ಹೇಳಿದರೆ ಜನ ನನಗೆ ಸಂಬಳ ಕೊಡುವವರನ್ನು ನೆನೆದು ನಗುತ್ತಿದ್ದರು.

ಆ ಸಲ ಹೈದರಾಬಾದಿನ ಸಾಹೇಬರು ಒಂದೇ ಒಂದು ಹಲ್ಲು ಕೊಟ್ಟಿದ್ದರು. ಬಸವನಹುಳುವಿನ ಚಿಪ್ಪು ಒಡೆದು ತಿನ್ನುತ್ತಿದ್ದ ಮೀನಿನ ಮುಂದಿನ ಹಲ್ಲಿರಬೇಕೆಂದು ನನ್ನ ಅಂದಾಜು. ಥೇಟ್ ಮಕ್ಕಳ ಹಾಲುಹಲ್ಲಿನಂತಿತ್ತು. ತಿಂಗಳ ಕೊನೆಗೆ ರಾಯಚೂರಿಗೆ ಬರುತ್ತೇನೆ, ಗುರುತು ಹಿಡಿದು ತಂದರೆ ನೌಕರಿ ಖಾಯಂ ಎಂದಿದ್ದರು. ಬಂದಮೇಲೆ ಭೂತಗನ್ನಡಿಯಲ್ಲಿ ನೋಡಿದರಾಯಿತೆಂದು ಹಲ್ಲನ್ನು ಹತ್ತಿಯಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿಟ್ಟು, ವಾರದ ಮಟ್ಟಿಗೆ ಮಾನ್ವಿಯ ಕಡೆ ಕೆಲಸಕ್ಕೆ ಹೋದೆ.

ತಿರುಗಿ ಬಂದರೆ ಗೂಡು ಖಾಲಿ. ಅದೇ ವಾರ ನನ್ನ ಮಗಳಿಗೆ ಹಲ್ಲು ಬಿದ್ದಿತ್ತಂತೆ. ಗೂಡಿನಲ್ಲಿದ್ದದ್ದು ಅದೇ ಎಂದು ತಿಳಿದ ನಮ್ಮವ್ವ, ಪದ್ಧತಿಯಂತೆ ಸೆಗಣಿಯಲ್ಲಿ ಸುತ್ತಿ ಮಾಳಿಗೆಯ ಮೇಲೆ ಎಸೆದಿದ್ದಳು. ಮಗಳ ಹಲ್ಲು ಅವಳ ಲಂಗದ ತುದಿಯ ಗಂಟಿನಲ್ಲಿ ಸುಖವಾಗಿತ್ತು. ನಡುವೆ ಮಳೆಯೂ ಬಿದ್ದು ಸೆಗಣಿ ಕರಗಿತ್ತು. ನಾನು ಕೆಂಡವಾದೆ. ಕೋಟಿಗಟ್ಟಲೆ ವರ್ಷದ ಹಲ್ಲದು ಎಂದು ಕೂಗಾಡಿದೆ. ಅಷ್ಟು ವರ್ಷ ತಾಳಿದ್ದು ಒಂದು ಮಳೆಗೆ ಸಾಯುತ್ತದೆಯೇ ಎಂದು ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು.

ಮಣ್ಣಿನ ಮಾಳಿಗೆ ಹತ್ತಿ ಅಂಗೈಯಗಲ ಜಾಗವನ್ನೂ ಬಿಡದೆ ಕೆದಕಿದೆ. ಸಿಕ್ಕಿದ್ದು ಒಂದಲ್ಲ, ಎರಡು ಹಲ್ಲು. ಎರಡೂ ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಕೆಳಗಿಳಿದು ಭೂತಗನ್ನಡಿ ಹಿಡಿದೆ. ಒಂದರ ಅಂಚು ಮುರಿದಿತ್ತು. ಚಿಪ್ಪು ಒಡೆದೊಡೆದು ಹೀಗಾಗಿದೆ, ಇದೇ ಮೀನಿನದು ಎಂದು ಮನೆಮಂದಿಗೆಲ್ಲ ಪಾಠ ಹೇಳಿ, ಇನ್ನೊಂದನ್ನು ಅಂಗಳಕ್ಕೆ ಎಸೆಯಲು ಕೈಯೆತ್ತಿದೆ. ಅವ್ವ ಹಿಟ್ಟಿನ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದಳು.

"ಮುರಿದದ್ದು ನಿಂದು, ಲೇ. ಸಣ್ಣಾಂವ ಇದ್ದಾಗ ಕಲ್ಲುಸಕ್ಕರಿ ಕಡಿಬ್ಯಾಡ ಅಂದ್ರ ಕೇಳಿದೇನು? ಬಿದ್ದ ದಿನ ನಾನೇ ಮ್ಯಾಲ ಒಗದೀನಿ."

ಮತ್ತೊಮ್ಮೆ ನೋಡಿದೆ. ಮುರಿದ ಹಲ್ಲಿನ ಬುಡ ಟೊಳ್ಳು, ಹಗುರ. ಇನ್ನೊಂದು ಅಪ್ಪಟ ಕಲ್ಲು. ಸಾಹೇಬರಿಗೆ ನನ್ನ ಹಾಲುಹಲ್ಲನ್ನೇ ಅಳಿದ ಮೀನಿನದೆಂದು ಒಪ್ಪಿಸುವವನಿದ್ದೆ! ಕಲ್ಲಿನದನ್ನು ಮತ್ತೆ ಹತ್ತಿಯಲ್ಲಿ ಸುತ್ತಿದೆ.

ರಾಯಚೂರಿನಲ್ಲಿ ಸಾಹೇಬರು ನನ್ನ ಅಂದಾಜನ್ನು ಒಪ್ಪಿದರು. ನೌಕರಿ ಖಾಯಮಾಯಿತು. ಪೇಡೆ ಹಿಡಿದು ಮನೆಗೆ ಬಂದವನು, ಇಪ್ಪತ್ತು ವರ್ಷದ ಹಿಂದಿನ ಹಲ್ಲನ್ನು ಭೂತಗನ್ನಡಿಯಿಲ್ಲದೆ ಹೇಗೆ ಗುರುತಿಸಿದೆ ಎಂದು ಅವ್ವನನ್ನು ಕೇಳಿದೆ.

"ಹೆತ್ತಾಕಿಗೆ ಗುರುತು ಸಿಗಂಗಿಲ್ಲೇನು? ಪಾಪ, ಆ ಮೀನಿಗೆ ಅವ್ವ ಉಳಿದಿಲ್ಲ. ಅದಕ್ಕ ನಿನಗ ಪಗಾರ ಕೊಡ್ತಾರ" ಎಂದಳು.