ಅತ್ತಿಗೆಯ ಮೊಣಕಾಲು, ಅಮೆರಿಕದ ಬಡ್ಡಿ

ನನ್ನ ಅಣ್ಣ ರೇಣುಕಪ್ಪನಿಗೆ ಬುದ್ಧಿಯಿಲ್ಲ ಎಂದು ನಾನು ಹೇಳುವುದಿಲ್ಲ. ಇದ್ದ ಬುದ್ಧಿಯನ್ನೆಲ್ಲ ಅಡಿಕೆಗೆ ಅಡ ಇಟ್ಟಿದ್ದಾನೆ, ಇಡಲಿ. ಆದರೆ ಹೆಂಡತಿಯ ಮೊಣಕಾಲನ್ನೂ ಅದರ ಜೊತೆಗೇ ಇಟ್ಟನಲ್ಲ, ನನ್ನ ಸಿಟ್ಟು ಅದಕ್ಕೆ.

ಅತ್ತಿಗೆ ವೀರಬಸಮ್ಮ ಮುತ್ತಿನಕೊಪ್ಪದ ಶಾಲೆಯಲ್ಲಿ ಬಿಸಿಯೂಟ ಮಾಡಿ ಬಡಿಸಿದವಳು. ಸಾರಿಗೆ ಉಪ್ಪು ಕಡಿಮೆ ಎಂದ ಹೆಡ್‌ಮಾಸ್ತರರಿಗೇ, “ತಗೊಳ್ಳಿ ಸೌಟು, ನೀವೇ ಮಾಡಿ” ಎಂದ ಗಟ್ಟಿಗಿತ್ತಿ. ಒಲೆಯ ಮುಂದೆ ನಿಂತು ನಿಂತು ಮೊಣಕಾಲು ಸವೆಯಿತು. ಬದಲಿಸಲೇಬೇಕು ಎಂದರು ಶಿವಮೊಗ್ಗದ ಡಾಕ್ಟರು. ಹಣಕ್ಕೇನೂ ತೊಂದರೆ ಇರಲಿಲ್ಲ. ತವರಿನ ಗದ್ದೆ ಮಾರಿದಾಗ ಬಂದ ಅವಳ ಪಾಲು ಇತ್ತು. ಅವಳದೇ ಹಣ, ಬ್ಯಾಂಕಿನಲ್ಲಿಡೋಣ ಎಂದಿದ್ದಳು.

ನರಸಿಂಹರಾಜಪುರದಲ್ಲಿ ಇನ್ಶೂರೆನ್ಸು, ಫಂಡು ಎಂದು ಅಂಗಡಿ ತೆರೆದಿರುವ ನನ್ನ ಮಗ ಬಸವೇಶ್ ನಡುವೆ ಬಾಯಿ ಹಾಕಿದ. “ಬಾಂಡ್ ಫಂಡಿಗೆ ಹಾಕಿ ಮಾವ. ಸರ್ಕಾರಕ್ಕೇ ಸಾಲ ಕೊಟ್ಟ ಹಾಗೆ. ಇದು ಶೇರಲ್ಲ, ಅಲ್ಲಾಡೋದೇ ಇಲ್ಲ.” ನನ್ನ ಹೊಟ್ಟೆಯಲ್ಲಿ ಹುಟ್ಟಿದವನೇ, ಏನು ಹೇಳಲಿ! ಅಣ್ಣ ತಲೆಯಾಡಿಸಿದ. ಫಂಡು ಅತ್ತಿಗೆಯ ಹೆಸರಿನಲ್ಲಿ, ಫೋನ್ ನಂಬರು ಮಾತ್ರ ಅಣ್ಣನದು. ನಮ್ಮ ಕಡೆ ಹೆಂಗಸರ ಹಣಕ್ಕೆಲ್ಲ ಗಂಡಸರ ನಂಬರೇ.

ಕೊಯ್ಲು ಮುಗಿದ ಮೇಲೆ ಆಪರೇಷನ್ ಎಂದಾಗಿತ್ತು. ಅಷ್ಟರಲ್ಲಿ ಅಲ್ಲಾಡದ ಫಂಡು ಅಲ್ಲಾಡಿ ಕೆಳಗೆ ಬಂತು. ಬಸವೇಶ್ ತಲೆ ಕೆರೆಯುತ್ತ ವಿವರಿಸಿದ.

“ಅಮೆರಿಕ, ಜಪಾನು ಎಲ್ಲಾ ಮೈತುಂಬ ಸಾಲ ಮಾಡ್ಕೊಂಡಿವೆ ಅತ್ತೆ. ಕೊಡೋರು ಹೆದರಿ ಜಾಸ್ತಿ ಬಡ್ಡಿ ಕೇಳ್ತಿದ್ದಾರೆ. ಅದರ ಬಿಸಿ ಇಲ್ಲಿಗೂ ತಟ್ಟಿದೆ. ಹೊಸ ಬಾಂಡಿಗೆ ಜಾಸ್ತಿ ಬಡ್ಡಿ ಸಿಗೋವಾಗ ಹಳೇದನ್ನ ಯಾರು ಕೇಳ್ತಾರೆ? ಬೆಲೆ ಬಿತ್ತು. ಮುಂದೆ ಏನೋ ಎಂತೋ ಅಂತ ಇಡೀ ಲೋಕಕ್ಕೇ ಭಯ ಹಿಡಿದಿದೆ.”

“ಅಮೆರಿಕದವರು ಸಾಲ ಮಾಡಿದ್ರೆ ನಾನ್ಯಾಕೋ ಕುಂಟಬೇಕು?” ಎಂದಳು ಅತ್ತಿಗೆ.

ಇಳಿದದ್ದು ಹೋಗಲಿ, ಉಳಿದದ್ದರಲ್ಲೇ ಆಪರೇಷನ್ ಆಗುತ್ತಿತ್ತು. ಅಣ್ಣ ಬಿಡಬೇಕಲ್ಲ! “ಬೆಲೆ ಬಿದ್ದಾಗ ಯಾರಾದ್ರೂ ಮಾರ್ತಾರಾ ಮಾರಾಯ್ತಿ? ಅಪ್ಪ ಏನು ಮಾಡ್ತಿದ್ದ? ಅಟ್ಟಕ್ಕೆ ಹಾಕಿ ಕಾಯ್ತಿದ್ದ.”

ಅಡಿಕೆ ಇಳಿದರೆ ಮೂಟೆ ಅಟ್ಟಕ್ಕೇರುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಹಾಗೆ ಕಾದು ಬದುಕಿದ ಮನೆಗಳೂ ಇವೆ. ಆದರೆ ಮೊಣಕಾಲು ಅಡಿಕೆಯೇ? ಅಣ್ಣ ಬೆಳಗೆದ್ದು ಫೋನಿನಲ್ಲಿ ಅಮೆರಿಕದ ಸುದ್ದಿ ನೋಡತೊಡಗಿದ. ಫಂಡು ಇಳಿದರೆ “ಈಗ ಬೇಡ”, ಚೂರು ಏರಿದರೆ “ಇನ್ನೂ ಏರ್ಲಿ”. ಅತ್ತಿಗೆ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದಳು. ಬಸ್ಸಿನ ಮೆಟ್ಟಿಲು ಹತ್ತಲಾಗದೆ ತಂಗಿಯ ಮಗಳ ಮದುವೆಯನ್ನೇ ಬಿಟ್ಟಳು. ಥೂ, ನೋಡಲಾಗುತ್ತಿರಲಿಲ್ಲ ನನಗೆ.

ಮೊನ್ನೆ ಬೆಳಿಗ್ಗೆ ನಾನು ಅವರ ಮನೆಯಲ್ಲಿದ್ದಾಗಲೇ ಅಣ್ಣ ಮೂಟೆಗೆ ಬೂಷ್ಟು ಬಂದಿದೆಯೋ ಎಂದು ನೋಡಲು ಅಟ್ಟ ಹತ್ತಿದ. ಅತ್ತಿಗೆ ಗೋಡೆ ಹಿಡಿದು ಬಂದವಳೇ ಏಣಿಯನ್ನು ಒಂದು ಕೈಯಲ್ಲಿ ತಳ್ಳಿದಳು. ಅದು ಧಡ್ ಎಂದು ನೆಲಕ್ಕೆ ಬಿತ್ತು.

“ಏ, ಏಣಿ ಎಲ್ಲೇ?”

“ಬೆಲೆ ಬಿದ್ದಿದೆ. ಏರೋ ತನಕ ಅಟ್ಟದಲ್ಲೇ ಇರಿ.”

“ತಂಗೀ, ನೀನಾದ್ರೂ ಹೇಳೇ!”

“ಅಮೆರಿಕದವರನ್ನ ಕೇಳು ಅಣ್ಣ” ಎಂದು ಬಸವೇಶನಿಗೆ ಫೋನ್ ಹಚ್ಚಿದೆ. “ಅತ್ತೆ ಹೇಳ್ತಿದ್ದಾಳೆ, ಎಲ್ಲಾ ಮಾರೋ.”

“ಮಾವ ಒಪ್ಪಿದ್ರಾ? ಒಟಿಪಿ ಅವರ ಫೋನಿಗೆ ಬರುತ್ತಲ್ಲಮ್ಮ.”

“ನೀನು ಕಳಿಸು. ಮಾವ ಎಲ್ಲೂ ಹೋಗಲ್ಲ.”

ಅಣ್ಣನ ಜೇಬಿನಲ್ಲಿ ಫೋನು ಸದ್ದು ಮಾಡಿತು. ಅವನು ಅದನ್ನು ಹೊರಗೆ ತೆಗೆಯದೆ ಮೂಟೆ ತಡಕುತ್ತ ಕೂತ. ಒಟಿಪಿಯ ಹೊತ್ತು ಮೀರಿತು. ಅತ್ತಿಗೆ ಕುರ್ಚಿಯಲ್ಲಿ ಕೂತು ನನಗೂ ತನಗೂ ಕಾಫಿ ಬಗ್ಗಿಸಿದಳು. ರೊಟ್ಟಿ ಮುರಿದಳು. ಬಸವೇಶ್ ಮತ್ತೊಮ್ಮೆ ಕಳಿಸಿದ.

ಮೇಲಿಂದ ಸಣ್ಣ ದನಿಯಲ್ಲಿ ಅಂಕಿ ಕೇಳಿಬಂತು.

“ಗಟ್ಟಿಯಾಗಿ ಹೇಳಿ. ನನ್ನ ದುಡ್ಡು ಅದು” ಎಂದಳು ಅತ್ತಿಗೆ. ಆ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅಣ್ಣ ಗಟ್ಟಿಯಾಗಿ ಹೇಳಿದ. “ಆಯ್ತು ಅತ್ತೆ, ಹಣ ನಿಮ್ಮ ಖಾತೆಗೆ ಬರುತ್ತೆ” ಎಂದ ಬಸವೇಶ್.

“ಈಗಾದ್ರೂ ಏಣಿ ಇಡೇ” ಎಂದ ಅಣ್ಣ.

ಅತ್ತಿಗೆ ನೆಲದ ಮೇಲಿನ ಏಣಿ ನೋಡಿದಳು, ಎದ್ದು ಎತ್ತಲು ಹೋದ ನನ್ನ ಕೈ ಹಿಡಿದು ಕೂರಿಸಿದಳು.

“ನಂಗೆ ಬಗ್ಗೋಕಾಗಲ್ಲ ಕಣ್ರೀ. ಆಪರೇಷನ್ ಆಗ್ಲಿ, ಇಡ್ತೀನಿ.”